ಅಂಗೈಗೆ ಕೇಳಿದ ಟಿವಿ

ಅಕ್ಕಿಆಲೂರಿನಲ್ಲಿ ರೇಡಿಯೊ ರಿಪೇರಿ ಮಾಡುವ ಹೆಣ್ಣುಮಗಳೊಬ್ಬಳು ಟಿವಿ ಹಚ್ಚಿ, ಗಾಡಿಯ ಹಿಂದೆ ಎಳೆದು ತಂದಿದ್ದ ನಮ್ಮ ಮನೆಯಂಥ ಕ್ಯಾಂಪಿಂಗ್ ಟ್ರೇಲರಿನ ಚಾವಣಿಯಲ್ಲಿದ್ದ ಸ್ಪೀಕರಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತಳು. "ದನಿ ಬಂತ್ರಿ" ಎಂದಳು. ನಾನು ಬೆರಗಾಗಿ ನೋಡುತ್ತಿದ್ದುದನ್ನು ಕಂಡು ನಕ್ಕಳು.

"ನನಗ ಕಿವಿ ಕೇಳಂಗಿಲ್ರಿ. ಮಾತು ತುಟಿ ನೋಡಿ ತಿಳ್ಕೊಂತೇನಿ, ಸ್ಪೀಕರ್ ಕೈಲೆ ಮುಟ್ಟಿ ನೋಡ್ತೇನಿ."

ನನ್ನ ಅವ್ವನಿಗೂ ಕಿವಿ ಮಂದ. ಪ್ರಯಾಣದಲ್ಲಿ ತಂಗಿದಾಗ ಟ್ರೇಲರಿನ ಹಿಂದಿನ ಹಾಸಿಗೆಯ ಮೇಲೆ ಕೂತರೆ ಟಿವಿಯ ಸಣ್ಣ ದನಿ ಆಕೆಗೆ ಮುಟ್ಟುತ್ತಿರಲಿಲ್ಲ. ತಲೆಯ ಮೇಲೆ ಒಳ್ಳೆಯ ಸ್ಪೀಕರುಗಳಿದ್ದರೂ ಅವುಗಳಲ್ಲಿ ರೇಡಿಯೊ ಮಾತ್ರ ಬರುತ್ತಿತ್ತು. ಟ್ರ್ಯಾಕ್ಟರುಗಳಿಗೆ ಹಾಡಿನ ಟೇಪ್ ರೆಕಾರ್ಡರ್ ಕೂರಿಸುವ ಈಕೆ ಟಿವಿಯ ಹೆಡ್‌ಫೋನ್ ತೂತಿನಿಂದ ಆ ರೇಡಿಯೊ ಸ್ಟೀರಿಯೊದಲ್ಲಿ ಹೊರಗಿನ ದನಿ ಒಳಗೆ ತಗೊಳ್ಳುವ ಆಕ್ಸ್ ತೂತಿಗೆ ಒಂದು ವೈರು ಜೋಡಿಸಿದ್ದಳು, ಅಷ್ಟೇ. ಕಬಡ್ಡಿಯ ಕಾಮೆಂಟರಿ ಟ್ರೇಲರ್ ತುಂಬಿತು. ಅವ್ವ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರೂ ಚಹಾ ಕುಡಿಯುತ್ತ ಪಂದ್ಯ ಮುಗಿಯುವವರೆಗೆ ನೋಡಿದರು.

ಮತ್ತೆ ಹೊರಟು ಹಂಸಭಾವಿ ಸಮೀಪಿಸಿದಾಗ, ಗಾಡಿಯಲ್ಲಿ ನನ್ನ ಪಕ್ಕ ಕೂತಿದ್ದ ಅವ್ವ ಚೀಲದ ತಳದಿಂದ ಶ್ರವಣಯಂತ್ರವನ್ನು ತೆಗೆದಳು. ಮಂದಿ ನೋಡಿ ನಕ್ಕಾರೆಂದು ಎರಡು ವರ್ಷ ಅದನ್ನು ಮುಟ್ಟಿರಲಿಲ್ಲ. "ಇದನ್ನ ಹೆಂಗ ಹಾಕ್ಕೊಳ್ಳೂದು, ತೋರಸು" ಎಂದಳು. ನಾನು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ.