ಲಸ್ಕರನ ಕೂಗು

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ಒಂದೇ ಒಂದು ಕೂಗು ಹಾಕಿ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬರ ಗದ್ದೆಗೆ ನೀರು ತಪ್ಪಿಸಿದವನು ನಾನು. ಕೂಗಿದ್ದು ನಾನೇ ಆದರೂ ಅದನ್ನು ವಾಪಸು ಪಡೆಯಲು ನನ್ನಿಂದ ಆಗಲಿಲ್ಲ.

ನಾನಿರುವುದು ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ಕಾರ್ಖಾನೆಯಲ್ಲಿ. ಕತ್ತರಿಸಿದ ಬಟ್ಟೆಯ ಗಂಟನ್ನು ಬೈಕಿಗೆ ಕಟ್ಟಿಕೊಂಡು ಕುರುಗೋಡು, ಸಿರುಗುಪ್ಪಗಳಲ್ಲಿ ಮನೆಯಲ್ಲೇ ಹೊಲಿಯುವವರಿಗೆ ಮುಟ್ಟಿಸುವುದು, ಹೊಲಿದ ಪ್ಯಾಂಟುಗಳನ್ನು ತರುವುದು ನನ್ನ ಕೆಲಸ. ದಾರಿಯುದ್ದಕ್ಕೂ ಸಾಹುಕಾರರ ಫೋನು. "ಎಕ್ಕಡುನ್ನಾವ್ ರಾ?" ಎಂದು ತೆಲುಗಿನಲ್ಲಿ ಶುರುವಾಗಿ, "ಎಲ್ಲಿ ಸತ್ತಿದ್ದಿಲೇ?" ಎಂದು ಕನ್ನಡದಲ್ಲಿ ಮುಗಿಯುತ್ತದೆ. ಆ ದನಿಯನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತೇನೆಂದರೆ, ಒಮ್ಮೆ ಕಟಿಂಗ್ ಮಾಸ್ಟರು ಬಾಯಲ್ಲಿ ತುತ್ತಿಟ್ಟುಕೊಂಡೇ ಎದ್ದು ನಿಂತಿದ್ದರು. ನನ್ನ ದನಿ ಮಾಡುವುದು ಇನ್ನೂ ಸುಲಭ: "ಹೂಂರಿ, ಬಂದೆರಿ, ಐದ ನಿಮಿಷ್ರಿ." ಅದರಾಚೆ ನನ್ನಲ್ಲಿ ಮಾತೇ ಇಲ್ಲ.

ಕುರುಗೋಡು ದಾಟಿ ಸಿರುಗುಪ್ಪದ ಕಡೆ ಹೋಗುವಾಗ ಕಾಲುವೆಯ ದಂಡೆಯಲ್ಲಿ ಒಂದು ಹೊಂಗೆ ಮರವಿದೆ. ಅದರಡಿ ಹತ್ತು ನಿಮಿಷ ಫೋನು ಬಂದ್. ನೀರು ಸದ್ದಿಲ್ಲದೆ ಹೋಗುತ್ತದೆ. ಎದುರಿಗೆ ಭತ್ತದ ಹಸಿರು, ನಡುನಡುವೆ ಬೆಳ್ಳಕ್ಕಿ. ಎಲ್ಲಿದ್ದೀ ಎಂದು ಕೇಳುವವರಿಲ್ಲ. ತಲೆಯೊಳಗಿನ ಹೊಲಿಗೆ ಮಿಷಿನ್ನುಗಳು ಒಂದೊಂದಾಗಿ ನಿಲ್ಲುತ್ತವೆ. ಆದರೆ ಸುಮ್ಮನಿರಲು ನನ್ನ ಬಾಯಿಗೆ ಹತ್ತು ನಿಮಿಷ ಬಹಳವಾಯಿತು.

ಅಲ್ಲಿ ಕಾಲುವೆ ನೀರು ಹಂಚುವ ಲಸ್ಕರ್ ಒಬ್ಬರಿದ್ದಾರೆ. ಒಬ್ಬರ ಪಾಳಿ ಮುಗಿದಾಗ ದಂಡೆಯ ಮೇಲೆ ನಿಂತು ಕೂಗುತ್ತಾರೆ. ಕೂಗು ಕೇಳಿದ ಕೂಡಲೇ ಅವರು ತಮ್ಮ ಗದ್ದೆಯ ತೂಬು ಮುಚ್ಚಬೇಕು, ಮುಂದಿನವರು ತೆರೆಯಬೇಕು. ಗಡಿಯಾರವಿಲ್ಲ, ಕಾಗದವಿಲ್ಲ. ಮೂಗಿನಲ್ಲಿ ಹುಟ್ಟಿ ಹೊಟ್ಟೆಯಲ್ಲಿ ಮುಗಿಯುವ ಆ ಕೂಗು ಎಷ್ಟೋ ದಿನದಿಂದ ನನ್ನ ಗಂಟಲಲ್ಲಿ ತುರಿಸುತ್ತಿತ್ತು. ಒಂದು ಮಧ್ಯಾಹ್ನ ಲಸ್ಕರ್ ಸುತ್ತಮುತ್ತ ಕಾಣಲಿಲ್ಲ. ಎದ್ದು ನಿಂತು, ಕಿವಿಗೆ ಕೈಯಿಟ್ಟು, ಕೂಗಿಯೇಬಿಟ್ಟೆ: "ಪಾಳಿ ಮುಗೀತೂ! ತೂಬು ಮುಚ್ರೀ!"

ಬೆಳ್ಳಕ್ಕಿಗಳು ಎದ್ದು ಹಾರಿದವು. ನನಗೆ ನಗು. ದೂರದಲ್ಲಿ ಒಬ್ಬ ಹೆಂಗಸು ಬಗ್ಗಿ ತೂಬಿಗೆ ಹಲಗೆ ಇಳಿಸಿದರು. ಪಕ್ಕದ ಗದ್ದೆಯವನು ತನ್ನದನ್ನು ಎತ್ತಿದ. ನನ್ನ ನಗು ಅಲ್ಲೇ ನಿಂತಿತು.

ಓಡಿದೆ. "ಅಕ್ಕಾ, ತೆಗೀರಿ ತೆಗೀರಿ! ಅದು ಲಸ್ಕರ್ ಅಲ್ರಿ, ನಾನು!"

ಅವರ ಗದ್ದೆ ಅರ್ಧ ತೊಯ್ದಿತ್ತು. ಉಳಿದರ್ಧದಲ್ಲಿ ತೆನೆ ಹಾಯುವ ಹೊತ್ತಿನ ಭತ್ತ ಒಣಮಣ್ಣಿನಲ್ಲಿ ನಿಂತಿತ್ತು. ಇನ್ನು ಅವರ ಪಾಳಿ ಎಂಟು ದಿನಕ್ಕೆ. ಅಕ್ಕ ಪಕ್ಕದವನತ್ತ ನೋಡಿದರು. ಅವನು ಸಲಿಕೆ ಊರಿ ಹೇಳಿದ: "ಕೂಗು ಬಿತ್ತಲ್ಲವಾ. ನಂದು ಚಾಲೂ ಆತು. ಲಸ್ಕರ್ ಬಂದು ಹೇಳ್ಲಿ, ಮುಚ್ತೀನಿ."

ಲಸ್ಕರ್ ಬೀಡಿ ಸೇದುತ್ತ ಬಂದರು. ಎಲ್ಲ ಒಪ್ಪಿಕೊಂಡೆ. "ಸಣ್ಣಗ ಮಾಡಿ ತೋರ್ಸು," ಎಂದರು. ಪಿಸುದನಿಯಲ್ಲಿ ಮಾಡಿ ತೋರಿಸಿದೆ. ಅವರ ಮುಖ ಸಪ್ಪಗಾಯಿತು.

"ನಮ್ಮವ್ವನಾಣಿ, ನಂದ ದನಿ."

"ಹಂಗಾರ ಅಕ್ಕಾರಿಗೆ ನೀರು ಬಿಡಿಸ್ರಿ ಯಜಮಾನ್ರ."

"ಹುಚ್ಚಪ್ಪಾ, ಕೂಗು ಸುಳ್ಳು ಅಂತ ಇವತ್ತು ನಾನು ಒಪ್ಪಿದ್ರ, ನಾಳಿಗಿ ಯಾವನು ತೂಬು ಮುಚ್ತಾನ? ಎಲ್ಲಾರೂ 'ಪ್ಯಾಂಟಿನಾಂವ ಕೂಗಿದ್ದು' ಅಂತಾರ. ಕೂಗು ಬಿತ್ತು, ಮುಗೀತು." ಅಕ್ಕನ ಮುಖ ನೋಡದೆ ದಂಡೆ ಹಿಡಿದು ಹೊರಟೇಬಿಟ್ಟರು.

ಪಕ್ಕದವನಿಗೆ ಕೈ ಮುಗಿದೆ. ಬೆನ್ನು ತಿರುಗಿಸಿದ. ಅಷ್ಟು ಹೊತ್ತು ನನ್ನನ್ನು ತಣ್ಣಗೆ ಮಾಡಿದ್ದ ನೀರೇ ಈಗ ಅಕ್ಕನ ಗದ್ದೆಯ ಮುಂದೆ, ಸದ್ದಿಲ್ಲದೆ, ನಿಲ್ಲದೆ ಹೋಗುತ್ತಿತ್ತು. ಊರಿನವರೆಲ್ಲರ ದನಿ ಬರುತ್ತದೆ ನನಗೆ, ಆ ನೀರನ್ನು ತಿರುಗಿಸುವ ದನಿ ಬರುವುದಿಲ್ಲ.

ಅಕ್ಕ ಬೈಯಲೂ ಇಲ್ಲ. ಒಣ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿ ಕೇಳಿದರು: "ನಿಂದೇನಪ್ಪಾ ಕೆಲಸ ಇಲ್ಲಿ?"

"ಕೆಲಸ ಏನಿಲ್ರಿ ಅಕ್ಕಾ. ಬಳ್ಳಾರಿ ಗದ್ದಲದಾಗ ತಲಿ ಕೆಡ್ತೈತ್ರಿ. ಜರಾ ಸುಮ್ಮನ ಕುಂದ್ರಾಕ ಬರ್ತೀನ್ರಿ."

"ಹಂಗಾರ ಬಾಯಿ ಬಳ್ಳಾರ್ಯಾಗ ಬಿಟ್ಟು ಬರ್ಬೇಕಿತ್ತಪ್ಪಾ!"