ರೋಗಿಯ ಪಾತ್ರ ನಂದು

ಮನಸ್ಸಿನ ಕಾಯಿಲೆ ಕಲಿಸೋಕೆ ಡಾಕ್ಟರೊಬ್ಬರು ತಮ್ಮ ವಿದ್ಯಾರ್ಥಿಗಳನ್ನು ಕೆಂಗೇರಿಗೆ ಕರೆತಂದರು. ಹುಚ್ಚು ಅಂತ ಹೆಸರು ಬಂದೀತೆಂದು ಒಬ್ಬ ರೋಗಿಯೂ ಮುಂದೆ ಬರಲಿಲ್ಲ. ಕೊನೆಗೆ, ಊರಿಗೇ ಕೋಡಂಗಿಯಾದ ನನ್ನನ್ನು ರೋಗಿ ಮಾಡಿ ಜಗಲಿ ಮೇಲೆ ಕೂರಿಸಿದರು. ನಾನು ಕೂದಲು ಕೆದರಿಕೊಂಡು ಕುಣಿದೆ.

“ಇವನು ದಿನಾ ಹೀಗೇ ಸಾರ್,” ಅಂದರು ಜನ.

“ಅದು ನಾಟಕದ ಹುಚ್ಚು ಕಣೋ,” ಅಂದರು ಡಾಕ್ಟರು. “ನಿಜವಾದ ರೋಗಿಗೆ ಊಟ ಬೇಡ, ನಿದ್ದೆ ಇಲ್ಲ, ಮಾತು ಬೇಡ. ಹಾಗೆ ಕೂತ್ಕೋ. ಇವರು ಕಲಿಯೋವರೆಗೂ ನಾನು ಬಿಡಲ್ಲ.”

ನಾನೂ ಹಟ ಹಿಡಿದು ತಲೆ ತಗ್ಗಿಸಿ ಕೂತೆ. ಒಬ್ಬ ವಿದ್ಯಾರ್ಥಿ ಮೆಲ್ಲಗೆ, “ಯಾವಾಗಿಂದ ಹೀಗಪ್ಪಾ?” ಅಂದ.

ಉತ್ತರ ಕೊಟ್ಟದ್ದು ಪಕ್ಕದ ಮನೆ ಗಂಗಮ್ಮ. “ಹೆರಿಗೆ ಆದಾಗಿಂದ ಸಾರ್. ಇವನಲ್ಲ, ನನ್ನ ಮಗಳು. ದೆವ್ವ ಅಂತ ಒಳಗೇ ಇಟ್ಟಿದೀವಿ. ಕರ್ಕೊಂಡು ಬರ್ಲಾ?”

ನನ್ನನ್ನು ಎಬ್ಬಿಸಿ ಆ ಮಗಳನ್ನು ಕೂರಿಸಿದರು. ಪಾತ್ರ ಮುಗಿಯಿತೆಂದು ಯಾರೂ ಹೇಳದ್ದಕ್ಕೆ, ನಾನು ಸಪ್ಪೆ ಮುಖದಲ್ಲೇ ಮೂಲೆಯಲ್ಲಿ ನಿಂತಿದ್ದೆ.