ಅಣ್ಣ ತುಂಬಿಟ್ಟ ಬಾಟಲಿಗಳು

ಅಣ್ಣನ ಕಾಯಿಲೆ ನನಗೆ ಗೊತ್ತಾದದ್ದು ಮಳೆನೀರಿನ ಬಾಟಲಿಗಳಿಂದ. ಅಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು.

ಹಳೆಯ ಮಳೆಯನ್ನು ಓದುವುದು ನನ್ನ ಕೆಲಸ. ಸುಣ್ಣಕಲ್ಲಿನ ಗುಹೆಗಳಲ್ಲಿ ಮೇಲಿಂದ ತೊಟ್ಟಿಕ್ಕುವ ನೀರಿನಿಂದ ನೆಲದ ಮೇಲೆ ಪದರ ಪದರವಾಗಿ ಕಲ್ಲು ಬೆಳೆಯುತ್ತದೆ. ಆ ಕಲ್ಲನ್ನು ಉದ್ದಕ್ಕೆ ಸೀಳಿ, ಹಲ್ಲಿನ ಡಾಕ್ಟರು ಹಿಡಿಯುವಂಥ ಡ್ರಿಲ್ಲಿನಿಂದ ಒಂದೊಂದೇ ಪದರದ ಪುಡಿ ತೆಗೆದು ಯಂತ್ರಕ್ಕೆ ಹಾಕಿದರೆ ಸಾವಿರಾರು ವರ್ಷಗಳ ಹಿಂದಿನ ಮುಂಗಾರಿನ ಅಂದಾಜು ಸಿಗುತ್ತದೆ. ನೀರಿನಲ್ಲೂ ಹಗುರದ್ದು, ಭಾರದ್ದು ಎಂದಿದೆ. ಮಳೆ ಚೆನ್ನಾಗಿ ಹಿಡಿದ ಕಾಲದಲ್ಲಿ ಹಗುರದ್ದು ಹೆಚ್ಚು, ಮಳೆ ಕೈಕೊಟ್ಟ ಕಾಲದಲ್ಲಿ ಭಾರದ್ದು ಹೆಚ್ಚು. ಆ ಗುರುತು ಕಲ್ಲಿನೊಳಗೆ ಉಳಿದಿರುತ್ತದೆ. ಒಂದು ತಲೆಮಾರು ಹುಟ್ಟಿ ಸಾಯುವಷ್ಟು ಕಾಲ ಮಳೆ ಸರಿಯಾಗಿ ಬಾರದ ಗುರುತುಗಳನ್ನು ನಾನು ನೋಡಿದ್ದೇನೆ, ಅವುಗಳ ಬಗ್ಗೆ ತಣ್ಣಗೆ ಪ್ರಬಂಧಗಳನ್ನೂ ಬರೆದಿದ್ದೇನೆ.

ಹಳೆಯ ಮಳೆಯನ್ನು ಓದಬೇಕಾದರೆ ಈಗಿನ ಮಳೆಯ ಸ್ವಭಾವ ಗೊತ್ತಿರಬೇಕು. ಅದಕ್ಕೆ ಪುಣೆಯಲ್ಲಿ ಬಿದ್ದ ಮಳೆಯನ್ನು ಆಯಾ ದಿನವೇ ಹಿಡಿದಿಡಬೇಕಿತ್ತು. ನಾನಿದ್ದ ಫ್ಲ್ಯಾಟಿನ ಸೊಸೈಟಿಯ ಅಧ್ಯಕ್ಷರು ತಾರಸಿಗೆ ಬೀಗ ಜಡಿದು ಕೀಲಿಯನ್ನು ಪ್ರಾಣದಂತೆ ಕಾಪಾಡುತ್ತಿದ್ದವರು. ಹಾಗಾಗಿ ಮಳೆ ಹಿಡಿಯುವ ನನ್ನ ಕ್ಯಾನು, ಆಲಿಕೆಗಳೆಲ್ಲ ಪುಣೆಯದೇ ಕ್ಯಾಂಪ್ ಬಡಾವಣೆಯಲ್ಲಿ ಅಣ್ಣನಿದ್ದ ಹಳೆಯ ಕಟ್ಟಡದ ತಾರಸಿ ಸೇರಿದವು.

ಅಣ್ಣ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ಹೋಟೆಲುಗಳಲ್ಲಿ ದುಡಿದು, ಕೊನೆಗೆ ಕ್ಯಾಂಪಿನಲ್ಲಿ ತನ್ನದೇ ಒಂದು ಸಣ್ಣ ಹೋಟೆಲು ಇಟ್ಟವನು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಕರೆಸಿಕೊಂಡು ಓದಿಸಿದವನೂ ಅವನೇ. ಮದುವೆಯ ಮಾತೆತ್ತಿದರೆ, "ಹೋಟೆಲಿನವನಿಗೆ ಮನೆಗೆ ಹೋಗ್ಲಿಕ್ಕೆ ಟೈಮ್ ಎಲ್ಲುಂಟು" ಎನ್ನುತ್ತಿದ್ದ. ಕೊರೊನಾ ಬಂದು ಹೋಟೆಲು ಮುಚ್ಚಿತು. ಆಮೇಲೆ ಸುಮ್ಮನೆ ಕೂರಲಾರದೆ ಚಡಪಡಿಸುತ್ತಿದ್ದವನಿಗೆ ನನ್ನ ಮಳೆಯ ಕೆಲಸ ಸಿಕ್ಕಿತು. ನಾನೂ ಅವನ ಕೈಗೆ ಒಂದು ಕೆಲಸ ಕೊಟ್ಟೆನೆಂದು ಬೀಗಿದೆ.

ಮಳೆ ಬಂದ ಮರುದಿನ ಬೆಳಿಗ್ಗೆ ತಾರಸಿಗೆ ಹತ್ತಬೇಕು, ಕ್ಯಾನಿನ ನೀರನ್ನು ಸಣ್ಣ ಬಾಟಲಿಗೆ ಕಂಠದ ತನಕ ತುಂಬಿ ಬಿಗಿಯಾಗಿ ಮುಚ್ಚಬೇಕು, ದಿನಾಂಕ ಬರೆಯಬೇಕು. ಬಾಟಲಿಯಲ್ಲಿ ಗಾಳಿ ಉಳಿದರೆ ನೀರು ಆವಿಯಾಗಿ ಲೆಕ್ಕ ತಪ್ಪುತ್ತದೆ. ಇದನ್ನು ಅಣ್ಣನಿಗೆ ಎರಡನೆಯ ಸಲ ಹೇಳುವ ಪ್ರಸಂಗ ಬರಲಿಲ್ಲ. ಗಿರಾಕಿ ಕೂತ ತಕ್ಷಣ ನೀರಿನ ಗ್ಲಾಸು ಇಡಬೇಕು, ಅವನು ಕೇಳುವ ಮೊದಲೇ ಅದನ್ನು ಮತ್ತೆ ತುಂಬಬೇಕು ಎಂಬ ಶಿಸ್ತಿನಲ್ಲಿ ಬೆಳೆದವನು ಅವನು. ಹೋಟೆಲಿನಲ್ಲಿ ಯಾವ ಮೇಜಿನ ಮೇಲಾದರೂ ಖಾಲಿ ಗ್ಲಾಸು ಕಂಡರೆ ಗಲ್ಲಾಪೆಟ್ಟಿಗೆ ಬಿಟ್ಟು ತಾನೇ ಎದ್ದು ಬರುತ್ತಿದ್ದ.

ಪ್ರತಿ ಭಾನುವಾರ ಊಟಕ್ಕೆ ಹೋದಾಗ ಬಾಟಲಿಗಳನ್ನು ತರುತ್ತಿದ್ದೆ. ಆ ವರ್ಷ ಮಳೆಗಾಲದ ನಡುವಿನಿಂದ ಅವನು ಕುರ್ಚಿಯಿಂದ ಏಳದೆ, "ಅಲ್ಲಿ ಕಿಟಕಿ ಹತ್ರ ಉಂಟು, ತಕ್ಕೊ" ಎನ್ನತೊಡಗಿದ. ಅಡುಗೆಯ ಬದಲು ಡಬ್ಬಿ ಊಟ ತರಿಸತೊಡಗಿದ. ವಯಸ್ಸಾಯಿತು, ಸೋಮಾರಿತನ ಕಲಿತ ಎಂದು ನಾನು ಗೇಲಿ ಮಾಡಿದೆ. ಅವನೂ ನಕ್ಕ.

ದೀಪಾವಳಿ ಮುಗಿದ ಮೇಲೆ ಬಾಟಲಿಗಳನ್ನೆಲ್ಲ ಯಂತ್ರಕ್ಕೆ ಕೊಟ್ಟೆ. ಜೂನ್, ಜುಲೈ ತಿಂಗಳ ಗೆರೆ ಮಳೆಗೆ ತಕ್ಕಂತೆ ಏರಿಳಿದಿತ್ತು. ಆಗಸ್ಟಿನ ಎರಡನೆಯ ವಾರದಿಂದ ಅದು ಮಟ್ಟವಾಗಿ ಮಲಗಿಬಿಟ್ಟಿತ್ತು. ಯಂತ್ರ ಕೆಟ್ಟಿರಬೇಕೆಂದು ಮತ್ತೊಮ್ಮೆ ಓಡಿಸಿದೆ, ಮತ್ತೆ ಅದೇ ಗೆರೆ ಬಂತು. ಕ್ಯಾನು ಬಿಸಿಲಿಗೆ ಬಿದ್ದಿತ್ತೇ ಎಂದು ಯೋಚಿಸಿದೆ. ಹಾಗಾಗಿದ್ದರೆ ಒಂದೊಂದು ಬಾಟಲಿ ಒಂದೊಂದು ಥರ ಕೆಡಬೇಕಿತ್ತು. ಇವೆಲ್ಲ ಒಂದೇ ಪಾತ್ರೆಯಿಂದ ಬಗ್ಗಿಸಿದ ಹಾಗಿದ್ದವು. ಕೊನೆಗೆ ನಮ್ಮ ಲ್ಯಾಬಿನ ನಲ್ಲಿನೀರಿನ ಅಳತೆಯ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ.

ನನಗೆ ಬಂದದ್ದು ಬರೀ ಸಿಟ್ಟು. ಒಂದು ಇಡೀ ಮಳೆಗಾಲದ ಅರ್ಧ ನೀರುಪಾಲಾಗಿತ್ತು. ಬಿದ್ದುಹೋದ ಮಳೆಯನ್ನು ವಾಪಸ್ಸು ಕರೆಯಲು ನನ್ನಿಂದ ಆಗುವಂತಿರಲಿಲ್ಲ. ಅವತ್ತೇ ಮಧ್ಯಾಹ್ನ ರಿಕ್ಷಾ ಹಿಡಿದು ಕ್ಯಾಂಪಿಗೆ ಹೋದೆ.

"ಎಂತ, ಇವತ್ತು ಭಾನುವಾರ ಅಲ್ವಲ್ಲ?" ಅಣ್ಣ ಕುರ್ಚಿಯಲ್ಲೇ ಕೂತು ಕೇಳಿದ.

"ನಲ್ಲಿನೀರು ತುಂಬಿ ಕೊಟ್ಟಿದ್ದೀಯಲ್ಲ ಅಣ್ಣ?"

ಅವನು ಸುಳ್ಳು ಹೇಳಲಿಲ್ಲ. "ಮಳೆ ಬಂದ ಮರುದಿನವೇ ತುಂಬಿದ್ದು ಮಾರಾಯ್ತಿ. ತಾರೀಕು ಸರಿ ಉಂಟು" ಎಂದ. ಆಮೇಲೆ, "ಮೇಲಿಂದ ಬಿದ್ದದ್ದೇ ಡ್ಯಾಮಿಗೆ ಹೋಗ್ತದೆ, ಡ್ಯಾಮಿಂದ ನಲ್ಲಿಗೆ ಬರ್ತದೆ. ಅಷ್ಟೊಂದು ವ್ಯತ್ಯಾಸ ಉಂಟಾ?" ಎಂದು ಕೇಳಿದ.

ಡ್ಯಾಮಿನಲ್ಲಿ ಎಲ್ಲ ದಿನದ ಮಳೆಯೂ ಬೆರೆತು ಒಂದಾಗುತ್ತದೆ ಎಂದು ಬಿಡಿಸಿ ಹೇಳದೆ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಮೋಸ ಎಂಬ ಮಾತನ್ನೂ ಆಡಿದೆ. "ಬಾ ಮೇಲೆ, ನಿನ್ನ ಕಣ್ಣೆದುರೇ ನೋಡುವ" ಎಂದು ದಡದಡ ತಾರಸಿಗೆ ಹತ್ತಿದೆ. ಆಲಿಕೆ ಪಾರಿವಾಳದ ಹಿಕ್ಕೆ, ಕೊಳೆತ ಎಲೆಗಳಿಂದ ಕಟ್ಟಿಕೊಂಡಿತ್ತು. ಕ್ಯಾನು ತುಂಬಿ ಹೊರಗೆಲ್ಲ ಪಾಚಿ ಹಿಡಿದಿತ್ತು. ತಿಂಗಳುಗಳಿಂದ ಅಲ್ಲಿ ಯಾರೂ ಕಾಲಿಟ್ಟಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ತಿರುಗಿ ನೋಡಿದೆ, ಅಣ್ಣ ಬಂದಿರಲಿಲ್ಲ. ಕೆಳಗಿಳಿದಾಗ ಅವನು ತನ್ನ ಬಾಗಿಲಿನಿಂದ ಮೂರು ಮೆಟ್ಟಿಲು ಮೇಲೆ, ಪಕ್ಕದ ಕಂಬಿ ಹಿಡಿದು ಕೂತಿದ್ದ. ತುಟಿ ನೀಲಿಗಟ್ಟಿತ್ತು. ಲುಂಗಿ ಸರಿದು ಕಾಲು ಕಾಣುತ್ತಿತ್ತು. ಪಾದಗಳು ಉಬ್ಬಿ, ಚಪ್ಪಲಿಯ ಪಟ್ಟಿ ಅವುಗಳೊಳಗೆ ಹೂತುಹೋಗಿತ್ತು.

"ಯಾಕೆ ಹೇಳಲಿಲ್ಲ ಅಣ್ಣ?"

"ಹೇಳಿದ್ರೆ ನೀನು ಬೇರೆಯವರನ್ನು ಇಡ್ತಿದ್ದಿ." ಅವನು ಮಾತಿನ ನಡುನಡುವೆ ನಿಂತು ಉಸಿರೆಳೆದುಕೊಂಡ. "ಇವತ್ತು ಹತ್ತುವ, ನಾಳೆ ಹತ್ತುವ ಅಂತ ಇದ್ದೆ. ಖಾಲಿ ಬಾಟಲಿ ನಿನ್ನ ಮುಂದೆ ಇಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು, ಏದುಸಿರು ಯಾವಾಗಿನಿಂದ ಎಂದು ಮರಾಠಿಯಲ್ಲಿ ಕೇಳಿದರು. "ಆಠ್ ದಿವಸ್" ಎಂದ ಅಣ್ಣ. ಎಂಟು ದಿನವಂತೆ. ಅಲ್ಲ, ಆಗಸ್ಟ್ ಎರಡನೆಯ ವಾರದಿಂದ ಎಂದೆ ನಾನು. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಅವರು ನನ್ನ ಮುಖ ನೋಡಿದರು. ನೀರಿನಿಂದ ಗೊತ್ತಾಯಿತು ಎಂದರೆ ಅವರಿಗೇನು ಅರ್ಥವಾಗಬೇಕು? ಪರೀಕ್ಷೆಗಳೆಲ್ಲ ಮುಗಿದ ಮೇಲೆ ನನ್ನೊಬ್ಬಳನ್ನೇ ಕರೆದು ಹೇಳಿದರು. ಆಗಸ್ಟಿನ ಹೊತ್ತಿಗೆ ಸದ್ದಿಲ್ಲದೆ ಹೃದಯಾಘಾತವಾಗಿರಬೇಕು, ಅಣ್ಣನಂಥ ಸಕ್ಕರೆ ಕಾಯಿಲೆಯವರಿಗೆ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಆಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು. ಈಗ ಹೃದಯದ ಬಹುಭಾಗ ಸೋತಿದೆ.

ಅವನ ಮೇಲಿನ ಸಿಟ್ಟು ಆಗಲೂ ಇಳಿಯಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಹಳೆಯ ಬರಗಾಲಗಳನ್ನು ಕಲ್ಲಿನಿಂದ ಅಗೆದು ತೆಗೆಯುವ ನನಗೆ ವಾರಕ್ಕೊಮ್ಮೆ ಎದುರು ಕೂತು ಉಣ್ಣುತ್ತಿದ್ದವನ ಕಾಲು ಕಾಣಲಿಲ್ಲವಲ್ಲ ಎಂದು ನನ್ನ ಮೇಲೂ ಸಿಟ್ಟಿದೆ.

ಅವನನ್ನು ನನ್ನ ಮನೆಗೆ ಕರೆತಂದೆ. ಮೈಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ ಅದು. ಕುಡಿಯುವ ನೀರಿಗೂ ಡಾಕ್ಟರು ಮಿತಿ ಹಾಕಿದ್ದರು. ಬೆಳಿಗ್ಗೆ ಒಂದು ಬಾಟಲಿಯಲ್ಲಿ ಅಳೆದಿಡಬೇಕು, ಔಷಧಿಗೂ ಚಹಾಕ್ಕೂ ಅದರಲ್ಲೇ ಆಗಬೇಕು. ಅಳತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಸಂಜೆಯಾಗುವ ಮೊದಲೇ ಬಾಟಲಿ ಮುಗಿಯುತ್ತಿತ್ತು. ಅವನ ಮಂಚದ ಪಕ್ಕ ಖಾಲಿ ಗ್ಲಾಸು ಇರುತ್ತಿತ್ತು. ಅವನು ಅದನ್ನು ನೋಡುತ್ತಿದ್ದ, ಆಮೇಲೆ ನನ್ನನ್ನು ನೋಡುತ್ತಿದ್ದ.

"ಅರ್ಧ ಗ್ಲಾಸ್ ಕೊಡು ಮಾರಾಯ್ತಿ. ಡಾಕ್ಟ್ರಿಗೆ ಹೇಳುವುದು ಬೇಡ."

"ಆಗುವುದಿಲ್ಲ ಅಣ್ಣ."

"ನಾಲಿಗೆ ಅಂಟ್ತದೆ."

ನಾನು ಹತ್ತಿ ಒದ್ದೆ ಮಾಡಿ ತುಟಿ ಒರೆಸುತ್ತಿದ್ದೆ. ಹೆಚ್ಚಿಗೆ ಒಂದು ಗುಟುಕನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ಬೇಗ ಹೋಗುತ್ತಿದ್ದನೋ ಏನೋ. ಕೊಡದೆಯೂ ಯುಗಾದಿಯ ತನಕ ಉಳಿಯಲಿಲ್ಲ.

ಆ ವರ್ಷದ ಮಳೆಯ ದಾಖಲೆಯಲ್ಲಿ ಆಗಸ್ಟ್ ಎರಡನೆಯ ವಾರದಿಂದಾಚೆಗಿನ ಸಾಲುಗಳನ್ನು ಅಳಿಸಿದೆ. ಕಾರಣ ಕೇಳುವ ಜಾಗದಲ್ಲಿ ಮಾದರಿ ಲಭ್ಯವಿಲ್ಲ ಎಂದು ಬರೆದೆ.

ಅವನು ಹೋದದ್ದು ಒಂದು ಮಧ್ಯಾಹ್ನ, ನಾನು ಅಡುಗೆಮನೆಯಲ್ಲಿದ್ದಾಗ. ಕ್ಯಾಂಪಿನಿಂದ ಅವನ ಹಳೆಯ ಹೋಟೆಲಿನವರು ಬಂದರು. ಅವರಲ್ಲೇ ಹಿರಿಯರೊಬ್ಬರು ತುಳಸಿ ಹಾಕಿದ ಲೋಟ ನನ್ನ ಕೈಗೆ ಕೊಟ್ಟು, "ಬಾಯಿಗೆ ನೀರು ಬಿಡಮ್ಮ" ಎಂದರು. ನಾನು ಅಭ್ಯಾಸಬಲದಿಂದ ಎರಡು ಹನಿ ಬಿಟ್ಟು ಕೈ ತಡೆದೆ. "ಬಿಡು, ಇನ್ನೇನು ಲೆಕ್ಕ" ಎಂದರು ಅವರು. ಲೋಟದಲ್ಲಿದ್ದದ್ದನ್ನೆಲ್ಲ ಬಿಟ್ಟೆ. ಬಾಯಿ ತುಂಬಿತು. ಆಮೇಲೆ ನೀರು ಕೆನ್ನೆಯ ಮೇಲಿಂದ ಇಳಿದು ದಿಂಬಿಗೆ ಹೋಯಿತು.